ಲಿಫ್ಟಿನ ಪಕ್ಕದ ಬೋಟಿನ ಮೂತಿ

ಅವತ್ತು ರಾತ್ರಿ ಆ ಕಾಂಪ್ಲೆಕ್ಸಿನೊಳಗೆ ಬಂದದ್ದು ದೆವ್ವ ಅಲ್ಲ, ಬೋಟು. ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಹುಟ್ಟಿದ್ದು ಅಂಕೋಲೆ ಕಡೆಯ ಕಡಲ ದಂಡೆಯಲ್ಲಿ, ಮದುವೆಯಾಗಿ ಬಂದದ್ದು ಕಾರವಾರಕ್ಕೆ. ಮೀನು ಬುಟ್ಟಿ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಹೋಗಿದೆ. ಬೋಟು ಬಂದದ್ದು ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಆ ಕಾಂಪ್ಲೆಕ್ಸಿನ ಒಡೆಯರಾದ ನಮ್ಮ ಸಾವಕಾರರು ಮರುದಿನದ ಸನ್ಮಾನದ ಸಭೆಯಲ್ಲಿ ಮೈಕು ಹಿಡಿದು ನಿಂತವರು ಮಾತು ಮುಗಿಯುವ ಮೊದಲೇ ಬಿದ್ದರು. ಇವತ್ತಿಗೂ ಗೋಡೆ ಹಿಡಿದೇ ನಡೆಯುತ್ತಾರೆ. ಕಾಲ ಕೆಳಗೆ ನೆಲ ತೂಗುತ್ತದೆ ಎನ್ನುತ್ತಾರೆ. ಕಿವಿಯೊಳಗೆ ಏನೋ ಕೆಟ್ಟಿದೆ ಎಂದು ಡಾಕ್ಟರು ಔಷಧ ಕೊಟ್ಟಿದ್ದಾರೆ. ಕುಡಿಯಲಿ.

ಆ ಕಾಂಪ್ಲೆಕ್ಸು ಕಾರವಾರ ಪೇಟೆಯಲ್ಲಿ ಆಗಷ್ಟೇ ಎದ್ದಿತ್ತು. ಕೆಳಗೆ ಅಂಗಡಿಗಳು ಮತ್ತು ಸಾವಕಾರರ ಕ್ಯಾಬಿನ್ನು, ಮೇಲೆ ಆಫೀಸುಗಳು. ನಾನು ಅಲ್ಲಿ ಗುಡಿಸಿ ಒರೆಸುವವಳು. ಸಾವಕಾರರಿಗೆ ಒಂದೇ ಹುಚ್ಚು, ಏನೂ ಹಾಳಾಗಬಾರದು. ಹಸಿ ಕಸಕ್ಕೆ ಹಸಿರು ಡಬ್ಬಿ, ಒಣ ಕಸಕ್ಕೆ ನೀಲಿ ಡಬ್ಬಿ. ಹಸಿ ಕಸ ಹಿತ್ತಲ ಗುಂಡಿಯಲ್ಲಿ ಗೊಬ್ಬರವಾಗಬೇಕು. ತಾರಸಿಯ ಮಳೆನೀರು ನೆಲದಡಿಯ ಟಾಕಿಗೆ ಇಳಿಯಬೇಕು. ದೀಪಗಳೂ ಹಾಗೆಯೇ, ಜನ ನಡೆದು ಬಂದರೆ ತಾವಾಗಿ ಹತ್ತುತ್ತವೆ, ದಾಟಿ ಹೋದರೆ ಆರುತ್ತವೆ. ಒಳ್ಳೆಯದೇ. ಇದರ ಮೇಲೆ ನನ್ನ ತಕರಾರಿಲ್ಲ.

ನನ್ನ ತಕರಾರು ಮರದ ಮೇಲೆ.

ಅಲ್ಲಿಯ ಕೌಂಟರು, ಬೆಂಚು ಎಲ್ಲ ಸಾವಕಾರರದೇ ಹಳೆಯ ಮೀನಿನ ಬೋಟಿನ ಮರ. ಲಿಫ್ಟಿನ ಪಕ್ಕದಲ್ಲಿ ಆ ಬೋಟಿನ ಮೂತಿಯನ್ನು, ಅಲೆ ಸೀಳುವ ಮುಂದಿನ ಭಾಗವನ್ನು, ಇಡಿಯಾಗಿ ಇಟ್ಟು ಪಾಲಿಶ್ ಹೊಡೆಸಿದ್ದರು. ಬಂದವರಿಗೆಲ್ಲ ಅದನ್ನು ತಟ್ಟಿ ತೋರಿಸಿ, "ಒಂದು ಗಿಡ ಕಡಿದಿಲ್ಲ ನಾವು" ಎನ್ನುತ್ತಿದ್ದರು.

ಒಂದು ಗಿಡ ಕಡಿದಿಲ್ಲ, ನಿಜ. ಆ ಬೋಟು ನಡೆಸುತ್ತಿದ್ದ ತಾಂಡೇಲ ನನ್ನ ಮಗ ಸುಭಾಸ. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅವನು ಹೋದ ದಿನ ರೇಡಿಯೋದಲ್ಲಿ ಗಾಳಿಯ ಎಚ್ಚರಿಕೆ ಇತ್ತು. ನಾನು ಬುಟ್ಟಿ ಹಿಡಿದು ಬಂದರದಲ್ಲೇ ನಿಂತಿದ್ದೆ. ಕಿವಿಯಾರೆ ಕೇಳಿದ ಮಾತು ಇದು.

"ಇವತ್ತು ಬ್ಯಾಡ ಸಾವಕಾರ್ರೆ, ಕಡಲು ಸಮ ಕಾಣೂದಿಲ್ಲ" ಅಂದ ಸುಭಾಸ.

"ಐಸು ತುಂಬಿ ಆಯ್ತಲ್ಲೋ! ಕರಗಿ ನೀರಾಗ್ಲಿ ಅಂತೀಯ? ನನಗೆ ಏನೂ ಹಾಳು ಮಾಡೂದು ಸೇರೂದಿಲ್ಲ. ನೀ ಹೋಗೂದಿಲ್ಲಾದ್ರೆ ಹೇಳು, ಬೇರೆಯವ್ರು ಹೋಗ್ತಾರೆ."

ಹೋದ. ನಡುಗಡ್ಡೆಯ ಆಚೆ ಬೋಟು ಮಗುಚಿತು. ಉಳಿದವರು ಖಾಲಿ ಕ್ಯಾನು ತಬ್ಬಿಕೊಂಡು ಈಜಿ ಬಂದರು. ಬೋಟನ್ನು ಎಳೆದು ತಂದರು. ಮರ ಬಂತು, ಮಗ ಬರಲಿಲ್ಲ.

ಮನುಷ್ಯನನ್ನು ನುಂಗಿದ ಬೋಟಿನ ಮೂತಿಯನ್ನು ನಮ್ಮವರು ದಡದಲ್ಲಿ ಇಟ್ಟುಕೊಳ್ಳುವುದಿಲ್ಲ. ಆಳದ ನೀರಿಗೆ ಒಯ್ದು ಬಿಡುತ್ತಾರೆ. ಅದು ಹೋದರೆ ಮಾತ್ರ ಹೋದವನಿಗೆ ದಾರಿ. ನಾನು ಸಾವಕಾರರ ಮನೆ ಬಾಗಿಲಿಗೆ ಹೋಗಿ ಕೇಳಿದೆ. "ಉಳಿದದ್ದೆಲ್ಲ ನೀವು ಒಲೆಗೆ ಹಾಕಿ. ಮೂತಿ ಒಂದು ಕೊಡಿ."

ಅವರು ನಕ್ಕರು. "ಶೇವಂತೀ, ಸಾಗವಾನಿ ಅದು! ಸಮುದ್ರಕ್ಕೆ ಎಸೀತಾರ ಯಾರಾದ್ರೂ?"

ಆಮೇಲೆ ಕರುಣೆ ಎಂದು ನನ್ನ ಕೈಗೆ ಪೊರಕೆ ಕೊಟ್ಟರು. ತೆಗೆದುಕೊಂಡೆ. ಹೊಟ್ಟೆಗೆ ಬೇಕಿತ್ತು. ಮತ್ತೆ, ಮೂತಿ ಅಲ್ಲಿತ್ತು.

ಮಳೆಗಾಲಕ್ಕೆ ಮುಂಚಿನ ಬಿರುಬಿಸಿಲಿನ ದಿನಗಳವು. ಏನೂ ಹಾಳು ಮಾಡದ ಕಟ್ಟಡ ಎಂದು ಸಾವಕಾರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಬೆಳಿಗ್ಗೆ ದೊಡ್ಡವರೆಲ್ಲ ಬರುತ್ತಾರೆ, ಡಬ್ಬಿಗಳೆಲ್ಲ ತೊಳೆದಿರಬೇಕು ಎಂದು ನನ್ನನ್ನು ರಾತ್ರಿ ಅಲ್ಲೇ ಉಳಿಸಿದರು. ನನ್ನ ಜೊತೆಗೆ ವಾಚ್‌ಮನ್ ಬುದವಂತ ಒಬ್ಬ. ಹಿಲ್ಲೂರು ಕಡೆಯ ಒಕ್ಕಲು ಮನುಷ್ಯ, ಕಡಲಿನ ನೀರಿಗೆ ಕಾಲಿಟ್ಟವನಲ್ಲ.

ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದ. ಊಟ ಮಾಡುವಾಗ ಅವನು ಮೂತಿ ನೋಡಿ ಕೇಳಿದ. "ಇಷ್ಟೆಲ್ಲ ಹೂವು ತಂದಾರೆ. ಇದಕ್ಕೂ ಒಂದು ಕುಂಕುಮ ಹಚ್ಚಿದ್ರೆ ಚಂದ ಕಾಣ್ತಿತ್ತು, ಅಲ್ದ ಬಾಯಿ?"

"ಹಚ್ಬಾರ್ದು ಮಾರಾಯ. ಕುಂಕುಮ ಹಚ್ಚಿ ಕಾಯಿ ಒಡೆದ್ರೆ ಬೋಟು ಹೊರಡ್ಲೇಬೇಕು. ಪೂಜೆ ಆದ ಬೋಟು ನಿಲ್ಲೂದಿಲ್ಲ."

"ಇಲ್ಲಿ ಟೈಲ್ಸ್ ಮೇಲೆ ಎಲ್ಲಿಗೆ ಹೊರಡ್ತದೆ?"

"ಮೂತಿ ಎತ್ತ ಇದ್ಯೋ ಅತ್ತ."

ಬುದವಂತ ತಿರುಗಿ ನೋಡಿದ. ಮೂತಿ ನೆಟ್ಟಗೆ ಸಾವಕಾರರ ಕ್ಯಾಬಿನ್ನಿನ ಬಾಗಿಲಿಗೆ ಎದುರಾಗಿತ್ತು. "ಸಾವಕಾರ್ರು ಈಜು ಕಲೀಬೇಕು ಹಂಗಾದ್ರೆ" ಅಂದ. ಇಬ್ಬರೂ ನಕ್ಕೆವು.

ಅವನು ಗೇಟಿಗೆ ಹೋದ. ನಾನು ಕೌಂಟರಿನ ಹಿಂದೆ ಚಾಪೆ ಹಾಸಿ ಒರಗಿದೆ. ಅಲುಗಾಡದೆ ಇದ್ದುದಕ್ಕೆ ದೀಪಗಳೆಲ್ಲ ಆರಿದವು... ಕತ್ತಲು.

ಮೊದಲು ಬಂದದ್ದು ವಾಸನೆ. ಡೀಸೆಲ್ಲು, ಒದ್ದೆ ಬಲೆ, ಹಳಸಿದ ಬಂಗಡೆ. ಯಾರೋ ತಲೆಕೆಟ್ಟವರು ಮೀನಿನ ಮುಳ್ಳನ್ನು ಒಣ ಕಸಕ್ಕೆ ಹಾಕಿದ್ದಾರೆ ಎಂದು ಬೈಯುತ್ತ ಎದ್ದೆ. ನಾನು ಎದ್ದದ್ದಕ್ಕೆ ನನ್ನ ತಲೆಯ ಮೇಲಿನ ದೀಪ ಹತ್ತಿತು. ಡಬ್ಬಿಗಳನ್ನೆಲ್ಲ ಮುಚ್ಚಳ ತೆಗೆದು ಮೂಸಿದೆ. ಹಸಿರಲ್ಲಿ ಏನೂ ಇಲ್ಲ. ನೀಲಿಯಲ್ಲಿ ಬರೀ ಪ್ಲಾಸ್ಟಿಕ್ ಬಾಟಲಿಗಳು.

ಆ ಬಾಟಲಿಗಳು ಒಂದಕ್ಕೊಂದು ಬಡಿಯತೊಡಗಿದವು. ಟಕ್... ಟಕ್... ಬಲೆ ಮುಳುಗದಂತೆ ಕಟ್ಟುವ ತೇಲುಬುರುಡೆಗಳು ನೀರಿನ ಮೇಲೆ ಬಡಿದುಕೊಳ್ಳುವ ಹಾಗೆ. ನನ್ನ ಕೈ ಡಬ್ಬಿಯ ಮೇಲಿತ್ತು. ಡಬ್ಬಿ ಅಲುಗುತ್ತಿರಲಿಲ್ಲ.

ಆಮೇಲೆ ಕಾಲ ಕೆಳಗೆ ಸದ್ದು. ಟೈಲ್ಸಿನ ಅಡಿಯಲ್ಲಿ ನೀರು ಗೋಡೆಗೆ ಅಪ್ಪಳಿಸುವ ಸದ್ದು... ಛಪ್ ಎಂದು ಹೊಡೆಯುವುದು, ಹಿಂದೆ ಸರಿಯುವುದು, ಮತ್ತೆ ಹೊಡೆಯುವುದು.

"ಬುದವಂತಾ!" ಎಂದು ಕೂಗಿದೆ. ಅವನು ಓಡಿ ಬಂದ.

"ಟಾಕಿಗೆ ನೀರು ಬಿಟ್ಟಾರೇನೋ?"

"ಎಂತಾ ನೀರು ಬಾಯಿ? ಮಳೆ ಎಲ್ಲಿ ಬಿತ್ತು? ಟಾಕಿ ಒಣಗಿ ಬಿರುಕು ಬಿಟ್ಟದೆ..." ಅವನಿಗೂ ಕೇಳಿಸಿತ್ತು. "ಬಾ, ಹೊರಗೆ ಬಾ" ಎಂದು ನನ್ನ ತೋಳು ಹಿಡಿದು ಎಳೆದ.

"ನೀ ಹೋಗು."

ಅವನು ಹೋದ. ಅವನ ಮೇಲೆ ಸಿಟ್ಟಿಲ್ಲ. ಅದು ಅವನ ಕಡಲಲ್ಲ.

ಮೂತಿಯ ಮರ ಕಿರ್... ಎಂದು ನರಳಿತು. ಬಂದರಕ್ಕೆ ಒರಗುವ ಬೋಟು ಹಾಗೆಯೇ ನರಳುತ್ತದೆ. ಪಾಲಿಶಿನ ಮೇಲೆ ಬೆವರಿನಂತೆ ಹನಿ ಮೂಡಿ, ಇಳಿದು, ನೆಲದಲ್ಲಿ ನಿಂತಿತು. ಬಗ್ಗಿ ಬೆರಳು ಅದ್ದಿ ನಾಲಗೆಗೆ ಇಟ್ಟೆ.

ಉಪ್ಪು.

ಆಗ ಕೇಳಿತು. ಹಿಂದಿನಿಂದ ಅಲ್ಲ, ಮೇಲಿನಿಂದ ಅಲ್ಲ, ಮೂತಿಯ ಆಚೆ ಬದಿಯಿಂದ. ಪ್ರತಿ ಬೆಳಿಗ್ಗೆ ಬೋಟು ದಡಕ್ಕೆ ಬರುವಾಗ ಸುಭಾಸ ನನ್ನನ್ನು ಕಂಡು ಕೂಗುತ್ತಿದ್ದ ಅದೇ ಕೂಗು.

"ಆಯೇ... ಹಗ್ಗ ಹಿಡಿ."

ನಾನು ಅಳಲಿಲ್ಲ. ಕೈ ಚಾಚಿದೆ. ಅಂಗೈಯೊಳಗೆ ಒದ್ದೆ ಹಗ್ಗ ಬಂದು ಬಿತ್ತು. ಕಾಣಲಿಲ್ಲ, ಭಾರ ಮಾತ್ರ ಇತ್ತು. ನಾರು ಚರ್ಮ ತರಚುವಷ್ಟು ಜೋರಾಗಿ ಅದು ಎಳೆಯುತ್ತಿತ್ತು.

"ಎಲ್ಲಿಗೆ ಮಗಾ?" ಎಂದು ಕೇಳಿದೆ.

ಮೂತಿಯ ಮುಂದಿನ ದೀಪ ತಾನಾಗಿ ಹತ್ತಿತು. ಆಮೇಲೆ ಅದರ ಮುಂದಿನದು... ಅದರ ಮುಂದಿನದು... ಯಾರೂ ನಡೆಯುತ್ತಿರಲಿಲ್ಲ, ಹೆಜ್ಜೆಯ ಸದ್ದಿರಲಿಲ್ಲ. ದೀಪಗಳು ಸಾಲಾಗಿ ಹತ್ತುತ್ತ ಸಾವಕಾರರ ಕ್ಯಾಬಿನ್ನಿನ ಬಾಗಿಲವರೆಗೆ ಹೋದವು. ಅಲ್ಲಿ ನಿಂತವು. ಬಹಳ ಹೊತ್ತು ಆರಲಿಲ್ಲ.

ಹಗ್ಗ ಕೈಯಿಂದ ಜಾರಿತು. ಕತ್ತಲಾಯಿತು.

ಉಳಿದ ರಾತ್ರಿ ನಾನು ಮೂತಿಗೆ ಬೆನ್ನು ಕೊಟ್ಟು ಕೂತೆ. ಒಂದು ವಿಷಯ ಆಗಲೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಹಗ್ಗ ಹಿಡಿ ಎಂದು ಕೂಗುವುದು ದಡಕ್ಕೆ ಬಂದವರು, ಬೋಟು ಕಟ್ಟಿ ನಿಲ್ಲಿಸು ಎನ್ನಲಿಕ್ಕೆ. ಹಾಗಾದರೆ ಆ ದೀಪಗಳು ಯಾಕೆ ಕ್ಯಾಬಿನ್ನಿನತ್ತ ಹತ್ತುತ್ತ ಹೋದವು? ಅವನು ಬೇಡಿದ್ದು ಯಾವುದು, ನಾನು ಕೇಳಿಸಿಕೊಂಡದ್ದು ಯಾವುದು? ಕೆಲವು ರಾತ್ರಿ ಮನೆಯಲ್ಲಿ ನನ್ನ ಚಾಪೆಯೂ ಮೆಲ್ಲಗೆ ತೂಗುತ್ತದೆ. ಆಗ ಕತ್ತಲಲ್ಲಿ ಕೈ ಚಾಚುತ್ತೇನೆ. ಹಗ್ಗ ಸಿಗುವುದಿಲ್ಲ.

ಬೆಳಗಾಯಿತು. ಕೈಗಾಕ್ಕೆ ಹೋಗುವ ಬಸ್ಸು ಎದುರಿಗೆ ನಿಂತು ಹಾರ್ನ್ ಹೊಡೆದು ಹೋಯಿತು. ಅಂಗೈ ನೋಡಿಕೊಂಡೆ. ಹಗ್ಗದ ಗೆರೆ ಕೆಂಪಗೆ ಎದ್ದಿತ್ತು.

ಮೂತಿಯನ್ನು ಕಡಲಿಗೆ ಒಯ್ಯುವ ಶಕ್ತಿ ನನಗಿರಲಿಲ್ಲ. ಕೈಯಲ್ಲಿ ಆಗುವುದು ಬೇರೆ ಒಂದಿತ್ತು.

ದೀಪ ಬೆಳಗಿಸಲೆಂದು ಸಾವಕಾರರು ತರಿಸಿಟ್ಟ ತಟ್ಟೆ ಕೌಂಟರಿನ ಮೇಲಿತ್ತು. ಅದರಲ್ಲಿ ಅರಿಶಿನ, ಕುಂಕುಮ, ಅಬ್ಬಲಿ ಹೂವಿನ ದಂಡೆ, ತೆಂಗಿನಕಾಯಿ. ಮುಖ ತೊಳೆದು ಬಂದೆ. ಮೂತಿಯನ್ನು ಸೆರಗಿನಿಂದ ಒರೆಸಿದೆ. ಅರಿಶಿನ ಹಚ್ಚಿ, ಅದರ ಮೇಲೆ ದಪ್ಪಗೆ ಕುಂಕುಮ ಬಳಿದೆ. ದಂಡೆ ಹಾಕಿದೆ.

ಬುದವಂತ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬಾಯಿ... ಹಚ್ಬಾರ್ದು ಅಂದ್ಯಲ್ಲೆ?"

"ಅಂದಿದ್ದೆ."

ಅವನು ಕ್ಯಾಬಿನ್ನಿನ ಬಾಗಿಲು ನೋಡಿದ, ನನ್ನ ಮುಖ ನೋಡಿದ. ತಡೆಯಲಿಲ್ಲ.

ಕಾಯಿಯನ್ನು ಮೂತಿಯ ಬುಡದಲ್ಲಿ ಒಂದೇ ಪೆಟ್ಟಿಗೆ ಒಡೆದೆ. ನೀರನ್ನು ಮರದ ಮೇಲೆ ಹೊಯ್ದೆ. "ಹೊರಡು ಮಗಾ" ಅಂದೆ.

ನನ್ನ ಕಾಲ ಕೆಳಗಿನ ನೆಲ ಒಂದು ಸಲ ಮೆಲ್ಲಗೆ ಎದ್ದು ಇಳಿಯಿತು.

ಹೊರಗೆ ಸಾವಕಾರರ ಕಾರಿನ ಬಾಗಿಲು ತೆಗೆದ ಸದ್ದಾಯಿತು. ನಾನು ಪೊರಕೆ ತೆಗೆದುಕೊಂಡು, ಕಾಯಿಯ ಚೂರುಗಳನ್ನು ಗುಡಿಸಿ, ಹಸಿರು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.