ಮುಖ್ತಾರನ ಸಂಶಯಗಳು
ಸ್ಫಾಕ್ಸ್ ಪಟ್ಟಣದ ಸಂಜೆ ತರಗತಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಬರುವ ಲಮ್ಜದ್ ಮೇಷ್ಟ್ರಿಗೆ ಸಂಶಯ ಎಂಬುದೇ ಬರುವುದಿಲ್ಲ. ಬರುವುದೆಲ್ಲ ಅವರ ಪಕ್ಕದ ಮನೆಯ ಮುಖ್ತಾರನಿಗೆ. ಅಲ್ಲಿನ ಗಂಡಸರ ರೂಢಿಯಂತೆ ಕಿವಿಯ ಸಂದಿಯಲ್ಲಿ ಮಲ್ಲಿಗೆ ಸಿಕ್ಕಿಸಿಕೊಂಡು, ಮುಂದಿನ ಬೆಂಚಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ನನಗಲ್ಲಮ್ಮಾ, ನಮ್ಮ ಮುಖ್ತಾರ್ ಕೇಳ್ತಿದ್ದ" ಎಂದೇ ಮೇಷ್ಟ್ರು ಶುರುಮಾಡುವುದು. ಎಣಿಕೆ ಒಂದನ್ನು ಬಿಟ್ಟು ಸೊನ್ನೆಯಿಂದ ಏಕೆ? ಸಾಲಿನ ಮೊದಲಲ್ಲಿ ಒಂದಿಷ್ಟು ಜಾಗ ಹೆಚ್ಚುಕಮ್ಮಿಯಾದರೆ ಕಂಪ್ಯೂಟರಿಗೆ ಅಷ್ಟೇಕೆ ಸಿಟ್ಟು? ಇಷ್ಟು ದಡ್ಡ ಹೇಗೆ ಬದುಕಿದ್ದಾನೋ ಎಂದು ಮೇಷ್ಟ್ರೇ ಮೊದಲು ನಗುತ್ತಾರೆ. ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಊರಲ್ಲಿ ಅರ್ಧ ಜನ ಅವರ ಶಿಷ್ಯರು. ಇವತ್ತು ಮುಖ್ತಾರ ಒಂದು ಪಟ್ಟಿಗೆ ಇನ್ನೊಂದು ಹೆಸರಿಟ್ಟು, ನಕಲಾಯಿತೆಂದುಕೊಂಡು, ಒಂದರಲ್ಲಿ ಅಳಿಸಿದರೆ ಎರಡರಲ್ಲೂ ಮಾಯವಂತೆ! "ಹೆಸರು ಎರಡಾದ್ರೂ ಪಟ್ಟಿ ಒಂದೇ ಮೇಷ್ಟ್ರೇ, ನಕಲು ಬೇಕಂದ್ರೆ ಬೇರೇನೇ ಮಾಡಿಸ್ಬೇಕು. ಒಳ್ಳೇ ಪ್ರಶ್ನೆ" ಎಂದಳು, ಪಾಠ ಹೇಳುವ ಯುಸ್ರಾ. ಎಲ್ಲರೂ ಬರೆದುಕೊಂಡರು, ಒಬ್ಬರೂ ನಗಲಿಲ್ಲ. ಮೇಷ್ಟ್ರಿಗೆ ಮೂವತ್ತು ವರ್ಷದ ಹಿಂದಿನದು ನೆನಪಾಯಿತು. ಎರಡು ಜಡೆಯ ಇದೇ ಯುಸ್ರಾ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಹೇಗಾಗುತ್ತದೆ ಎಂದು ಕೇಳಿದ್ದಳು. ಇವರು "ನೋಡ್ರೋ, ಮಹಾ ಮೇಧಾವಿ!" ಎಂದು ನಲವತ್ತು ಮಕ್ಕಳನ್ನು ನಗಿಸಿ, ಗಂಟೆ ಹೊಡೆಯುವವರೆಗೂ ಅವಳನ್ನು ನಿಲ್ಲಿಸಿದ್ದರು. ಮೇಷ್ಟ್ರು ತಮಗರಿವಿಲ್ಲದೆ ಎದ್ದು ನಿಂತರು. "ಮುಖ್ತಾರ್ ಅಂತ ಯಾರೂ ಇಲ್ಲಮ್ಮ." "ಗೊತ್ತು ಮೇಷ್ಟ್ರೇ," ಎಂದಳು ಅವಳು ಮೆಲ್ಲಗೆ, "ಕೂತ್ಕೊಳ್ಳಿ."