ಒಗ್ಗರಣೆ ನಿಂತ ಮನೆ

ಆಗೆಲ್ಲ ಯಾರ ಮನೆಯಲ್ಲಿ ಏನು ಅಡುಗೆ ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಶಿಕಾರಿಪುರದ ನಮ್ಮ ಓಣಿಯಲ್ಲಿ ಮನೆಗಳು ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿದ್ದವು. ಹಂಚಿನ ಸಂದಿಯಿಂದ ಹೊಗೆ ಹೊರಬೀಳುವಾಗ ಮನೆಯ ಗುಟ್ಟೂ ಜೊತೆಗೇ ಹೊರಬೀಳುತ್ತಿತ್ತು. ಇಂಗಿನ ವಾಸನೆ ಬಂದರೆ ಮೂಲೆಮನೆ ಮೇಷ್ಟರದು, ಬರೀ ಮೆಣಸಿನಕಾಯಿ ಘಾಟು ಬಂದರೆ ಪಕ್ಕದ ಶಾಂತಕ್ಕನದು, ಬೆಳ್ಳುಳ್ಳಿ ಘಮ್ಮೆಂದರೆ ನಮ್ಮದು. ಅವ್ವ ಕಾದ ಒಗ್ಗರಣೆ ಸೌಟನ್ನು ಸಾರಿಗೆ ಅದ್ದಿದಾಗ ಏಳುವ 'ಚೊಂಯ್' ಸದ್ದಿಗೆ ಶಾಂತಕ್ಕ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು.

"ಗೌರಕ್ಕಾ, ನಂಗೂ ಒಂದು ಬಟ್ಟಲು ಇರ್ಲಿ!"

"ಮೂಗು ನಮ್ಮನೇಲಿ, ಹೊಟ್ಟೆ ನಿಮ್ಮನೇಲಿ ಇಟ್ಕಂಡೀಯಲ್ಲೇ ಮಾರಾಯ್ತಿ, ಬಾ," ಎಂದು ಅವ್ವ ಅಷ್ಟೇ ಜೋರಾಗಿ ಕೂಗುತ್ತಿದ್ದಳು.

ಹೊಸ ಪೈಸೆ ಬಂದು ಎಲ್ಲರ ಲೆಕ್ಕ ತಪ್ಪುತ್ತಿದ್ದ ಕಾಲ ಅದು. ನಾನು ನಾಲ್ಕನೇ ಕ್ಲಾಸು, ತಮ್ಮ ಬಸು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನವರ ಅಂಗಿ, ಚಡ್ಡಿ ಹೊಲಿಯುತ್ತಿದ್ದ. ಅಪ್ಪನ ಅಕ್ಕ, ನಮ್ಮ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಆ ವರ್ಷ ಸೀಗೆ ಹುಣ್ಣಿಮೆ ಕಳೆದು ಚಳಿ ಹಿಡಿಯುವ ಹೊತ್ತಿಗೆ ಅವ್ವ ಒಂದು ದಿನ ಊಟದ ನಡುವೆ ಗಂಟಲು ಹಿಡಿದುಕೊಂಡು, "ರೊಟ್ಟಿ ಚೂರು ಅಲ್ಲೇ ಕೂತಂಗೆ ಆಗ್ತದೆ" ಎಂದಳು. ನೀರು ಕುಡಿದಳು. ಅದು ಇಳಿಯಲಿಲ್ಲ. ಅದು ರೊಟ್ಟಿ ಚೂರೂ ಆಗಿರಲಿಲ್ಲ.

ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಅನ್ನ, ಆಮೇಲೆ ಮೆತ್ತಗೆ ಹಿಸುಕಿದ ಅನ್ನವನ್ನೂ ಬಿಟ್ಟಳು. ದನಿ ಒಡೆಯಿತು. ಊರಿನ ಡಾಕ್ಟರು ಬ್ಯಾಟರಿ ಬಿಟ್ಟು ಗಂಟಲು ನೋಡಿ, ಶಿವಮೊಗ್ಗೆಗೆ ಕರೆದುಕೊಂಡು ಹೋಗಿ ಎಂದರು. ಶಿವಮೊಗ್ಗೆಯಿಂದ ಬಂದ ದಿನ ಅಪ್ಪ ಅತ್ತೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನೋ ಹೇಳಿದ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಬೊಂಬಾಯಿಯಲ್ಲಿ ಗಡ್ಡೆ ಸುಡಲು ಕರೆಂಟು ಕೊಡುತ್ತಾರಂತೆ, ಕೊಟ್ಟರೂ ಈಗ ಪ್ರಯೋಜನವಿಲ್ಲವಂತೆ ಎನ್ನುವಷ್ಟು ನನ್ನ ಕಿವಿಗೆ ಬಿತ್ತು. ಕಾಯಿಲೆಯ ಹೆಸರನ್ನು ಮಾತ್ರ ಆ ಮನೆಯಲ್ಲಿ ಯಾರೂ ಒಮ್ಮೆಯೂ ಹೇಳಲಿಲ್ಲ. 'ಅದು' ಎನ್ನುತ್ತಿದ್ದರು. ಅವ್ವನಿಗೆ ಹೇಳಿದ್ದು, ಗಂಟಲಲ್ಲಿ ಹುಣ್ಣಾಗಿದೆ, ಚಳಿ ಹೋದರೆ ಮಾಯುತ್ತದೆ ಎಂದು.

ನಾನು ಹುಟ್ಟಾ ಪುಕ್ಕಲಿ. ಅಂಥವಳಿಗೆ ಅತ್ತೆ ಒಂದು ಕೆಲಸ ಹಚ್ಚಿದಳು. ಅವ್ವನ ಪಕ್ಕ ಕೂತು ಚಮಚೆಯಲ್ಲಿ ಗಂಜಿ ಕುಡಿಸುವುದು. ಅಡುಗೆಮನೆಯಿಂದ ಅತ್ತೆ ಕೇಳುತ್ತಿದ್ದಳು, "ಇಳೀತೇನೇ?" ನಾನು ಅವ್ವನ ಗಂಟಲನ್ನೇ ನೋಡುತ್ತ, ಅಲ್ಲಿ ಗುಟುಕ್ ಎನ್ನುವ ಸದ್ದಿಗೆ ಕಾಯುತ್ತ, ನನಗೆ ಗೊತ್ತಿಲ್ಲದೆ ನಾನೂ ಉಗುಳು ನುಂಗಿ, ಆಮೇಲೆ ಹೇಳುತ್ತಿದ್ದೆ, "ಇಳೀತು." ಕೆಲವು ಸಲ ಇಳಿಯುತ್ತಿರಲಿಲ್ಲ. ಗಂಜಿ ಮೂಗಿನಿಂದ ವಾಪಸು ಬರುತ್ತಿತ್ತು. ಅವತ್ತು ಶಾಲೆಯಲ್ಲಿ ಮಗ್ಗಿ ಹೇಳಲು ನಿಂತರೆ ಅರ್ಧಕ್ಕೇ ಮರೆತುಹೋಗುತ್ತಿತ್ತು. ಶಾಲೆ ಬಿಟ್ಟರೆ ಕುಂಟಾಬಿಲ್ಲೆ ಆಡಲು ಕರೆದವರನ್ನೂ ಲೆಕ್ಕಿಸದೆ ಓಡುತ್ತಿದ್ದೆ. ನಮ್ಮ ಜಗಲಿಯ ಮೇಲೆ ಅಪ್ಪನ ಮಿಷನ್ ಓಡುವ ಸದ್ದು ಕೇಳಿಸಿದರೆ ಮಾತ್ರ ಓಟ ನಿಧಾನವಾಗುತ್ತಿತ್ತು. ಮಿಷನ್ ಓಡುತ್ತಿದೆ ಎಂದರೆ ಅವ್ವ ಇದ್ದಾಳೆ.

ಕುಬಟೂರಿನಿಂದ ಅಜ್ಜಿ, ಅವ್ವನ ತಾಯಿ, ಬಂದಿಳಿದಳು. ಸೊರಬದ ಹತ್ತಿರ ಒಬ್ಬರು ನಾಟಿ ವೈದ್ಯರಿದ್ದಾರೆ, ಅವರ ಕೈಗುಣ ದೊಡ್ಡದು ಎಂದು ಹಟ ಹಿಡಿದಳು. ಅಪ್ಪ, ಅಜ್ಜಿ, ಅವ್ವ ಹೊರಟಾಗ ನಾನೂ ಹತ್ತಿದೆ. ಬಸ್ಸಿನ ಪ್ರತಿ ಕುಲುಕಾಟಕ್ಕೂ ಅವ್ವ ಕಣ್ಣು ಮುಚ್ಚುತ್ತಿದ್ದಳು. ವೈದ್ಯರು ಬಾಗಿಲ ಬಳಿಯ ಬೆಳಕಿನಲ್ಲಿ ಅವಳ ಕತ್ತಿನ ಎರಡೂ ಬದಿ ಒತ್ತಿ ನೋಡಿದರು. ಒಳಗೆ ಹೋಗಿ ಒಂದು ಪೊಟ್ಟಣ ಪುಡಿ ತಂದು ಜೇನುತುಪ್ಪದಲ್ಲಿ ನೆಕ್ಕಿಸಿ ಎಂದರು. ಅಪ್ಪ ಎಲೆಯಡಿಕೆಯ ಜೊತೆ ಕಾಣಿಕೆ ಇಟ್ಟಾಗ ಅವರು ಅದನ್ನು ಮುಟ್ಟಲಿಲ್ಲ.

"ವಾಸಿ ಆದ್ಮೇಲೆ ಕೊಡೀರಂತೆ, ಈಗ ಬ್ಯಾಡ."

ಒಳ್ಳೆಯ ಮಾತೇ. ಆದರೆ ಅಪ್ಪನ ಮುಖ ಹುಳ್ಳಗಾಯಿತು. ವಾಸಿಯಾಗುವ ಭರವಸೆ ಇಲ್ಲದವರ ಕಾಣಿಕೆಯನ್ನು ವೈದ್ಯರು ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೊರಬದ ಬಸ್ ನಿಲ್ದಾಣದಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಅವ್ವ ನನಗೆ ಕೊಡಿಸು ಎಂದು ಅಪ್ಪನಿಗೆ ಸನ್ನೆ ಮಾಡಿದಳು. "ನೀನು ತಿನ್ನು, ನಾನು ನೋಡ್ತೀನಿ" ಎಂದು ಪಿಸುಗುಟ್ಟಿ, ನಿಜವಾಗಿಯೂ ನಾನು ತಿನ್ನುವುದನ್ನೇ ನೋಡುತ್ತ ಕೂತಳು. ಅಂಥ ಬಜ್ಜಿ ನನಗೆ ರುಚಿಸಲಿಲ್ಲ. ಆದರೂ ಅವಳಿಗಾಗಿ ಪೂರ್ತಿ ತಿಂದೆ.

ಪುಡಿ ಮುಗಿಯಿತು. ಗುಣ ಕಾಣಲಿಲ್ಲ. ಒಂದು ದಿನ ಬೆಳಿಗ್ಗೆ ಅತ್ತೆ ಹುಳಿಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಘಾಟು ಅಡ್ಡಗೋಡೆ ದಾಟಿ ನಡುಮನೆಗೆ ಬಂತು. ಅವ್ವನಿಗೆ ಹತ್ತಿದ ಕೆಮ್ಮು ನಿಲ್ಲಲೇ ಇಲ್ಲ. ಕಣ್ಣುಗುಡ್ಡೆ ಹೊರಬರುವ ಹಾಗೆ ಕೆಮ್ಮಿದಳು. ಕೊನೆಗೆ ಬಾಯಿ ಒರೆಸಿದ ಸೆರಗಿನಲ್ಲಿ ರಕ್ತ ಇತ್ತು. ಅಪ್ಪ ಕೈಯಲ್ಲಿದ್ದ ಬಟ್ಟೆ ಎಸೆದು ಒಳಗೆ ಬಂದ. ಅವಳ ಬೆನ್ನು ಸವರಿ ಮಲಗಿಸಿ, ಅಡುಗೆಮನೆ ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದ:

"ಅಕ್ಕಾ, ಇನ್ನು ಈ ಮನೇಲಿ ಒಗ್ಗರಣೆ ಬ್ಯಾಡ."

ಅತ್ತೆ ಸೌಟು ಹಿಡಿದುಕೊಂಡೇ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

ಅವತ್ತಿನಿಂದ ನಮ್ಮ ಮನೆಯ ಸಾರಿಗೆ ಉಪ್ಪು, ಹುಳಿ, ಬೇಳೆ ಅಷ್ಟೇ. ಬಸು ತಟ್ಟೆ ತಳ್ಳಿ, "ಇದು ಜ್ವರದೋರ ಸಾರು, ನಂಗ್ಬೇಡ" ಎಂದು ಅಳುತ್ತಿದ್ದ. ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು. ಅವ್ವನಿಗೆ ನಿದ್ದೆ ಕೆಡಬಾರದೆಂದು ಅಪ್ಪ ಮಿಷನ್ ಹೊತ್ತು ಶಾಂತಕ್ಕನ ಜಗಲಿಯ ಆಚೆ ತುದಿಗೆ ಇಟ್ಟುಕೊಂಡ. ಜಗಲಿಯ ಮೇಲೆ ಆಡಲು ಬರುವ ಮಕ್ಕಳನ್ನು ಅಜ್ಜಿ ಕೈಸನ್ನೆಯಲ್ಲೇ ಓಡಿಸುತ್ತಿದ್ದಳು. ಸುದ್ದಿ ತಿಳಿದು ಸೊರಬದ ಕಡೆಯ ನೆಂಟರು ಒಬ್ಬೊಬ್ಬರಾಗಿ ಬಂದರು. ಚಪ್ಪಲಿ ದೂರದಲ್ಲೇ ಬಿಟ್ಟು, ಮೆಲ್ಲಗೆ ಒಳಬಂದು, ಮೂಲೆಯಲ್ಲಿ ಕೂತು ಪಿಸಪಿಸ ಮಾತಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಎಲ್ಲರೂ ಅವ್ವನ ಒಳ್ಳೆಯದಕ್ಕೇ ಮಾಡಿದ್ದು.

ಅವ್ವ ಮಾತ್ರ ಗೋಡೆ ಕಡೆ ತಿರುಗಿ ಮಲಗಿದಳು. ಅಲ್ಲಿಯವರೆಗೆ ಮಧ್ಯಾಹ್ನ ನನ್ನ ಜೊತೆ ಹುಣಸೆಬೀಜ ಎಸೆದು ಚೌಕಾಬಾರ ಆಡುತ್ತಿದ್ದಳು, ಕಾಯಿ ಕಡಿದರೆ ಒಡಕು ದನಿಯಲ್ಲೇ ನಗುತ್ತಿದ್ದಳು. ಈಗ ಬೀಜ ಅವಳ ಕೈಗೆ ಕೊಟ್ಟರೆ ಹಾಗೇ ಬಿಟ್ಟುಬಿಡುತ್ತಿದ್ದಳು. ಗಂಜಿಯ ಚಮಚೆ ತುಟಿಗೆ ತಾಗಿಸಿದರೆ ಬಾಯಿ ತೆರೆಯುತ್ತಿರಲಿಲ್ಲ. "ಇಳೀತೇನೇ?" ಎಂದು ಅತ್ತೆ ಕೇಳಿದರೆ "ಇಲ್ಲ" ಎನ್ನುತ್ತಿದ್ದೆ. ಬಟ್ಟಲು ತುಂಬಿದ ಗಂಜಿ ತುಂಬಿದ ಹಾಗೇ ವಾಪಸು ಹೋಗುತ್ತಿತ್ತು. ಡಾಕ್ಟರು ಬಂದು ನೋಡಿ, "ದಾರಿ ಪೂರ್ತಿ ಮುಚ್ಚಿರಬೇಕು ಕಣ್ರೀ, ಇನ್ನು ಹೆಚ್ಚು ದಿನ ಹೇಳೋಕಾಗಲ್ಲ" ಎಂದು ಅಪ್ಪನಿಗೆ ಹೇಳಿದರು. ಅಜ್ಜಿ ಒಂದು ಗಿಂಡಿಯಲ್ಲಿ ತುಳಸಿ ನೀರು ತಂದು ತಲೆಯ ಹತ್ತಿರ ಇಟ್ಟಳು. ಅದು ಯಾಕೆ ಎಂದು ನನಗೆ ಗೊತ್ತಿತ್ತು. ಗಿಂಡಿ ಕಣ್ಣಿಗೆ ಬೀಳದ ಹಾಗೆ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ನಾನೊಬ್ಬಳೇ ಪಕ್ಕದಲ್ಲಿ ಕೂತಿದ್ದೆ. ಗೋಡೆಯಾಚೆ ಶಾಂತಕ್ಕನ ಮನೆಯಲ್ಲಿ ಸಾಸಿವೆ ಸಿಡಿದು 'ಚೊಂಯ್' ಎಂದಿತು. ಅವ್ವ ಕಣ್ಣು ತೆರೆದಳು. ನಾನು ಕಿವಿಯನ್ನು ಅವಳ ಬಾಯಿಗೆ ಹತ್ತಿರ ಒಯ್ದೆ.

"ಶಾಂತಕ್ಕನ ಮನೇದಾ?"

"ಹೂಂ."

"ನಮ್ಮನೇದು ಯಾಕೆ ನಿಂತದೆ?"

"ನಿಂಗೆ ಕೆಮ್ಮು ಬರ್ತದೆ ಅಂತ. ಅಪ್ಪನೇ ಬ್ಯಾಡ ಅಂದಾನೆ."

ಅವ್ವ ನನ್ನ ಮುಖವನ್ನೇ ನೋಡಿದಳು. "ಅಷ್ಟೇನಾ?"

"ಅಷ್ಟೇ ಅವ್ವಾ."

"ನನ್ನ ತಲೆ ಮುಟ್ಟಿ ಹೇಳು."

ಮುಟ್ಟಿ ಹೇಳಿದೆ. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಆದರೆ ತುಟಿಯ ಮೂಲೆಯಲ್ಲಿ ಹಳೆಯ ತುಂಟತನ ಇತ್ತು. "ನಾನೆಲ್ಲೋ ನನ್ನ ಸೂತಕ ಈಗ್ಲೇ ಹಿಡಿದೀರಿ ಅಂದ್ಕಂಡೆ. ಸತ್ತೋಳು ಎದ್ದು ಕೂತು ಗಂಜಿ ಕುಡಿದ್ರೆ ಚೆಂದ ಇರ್ತದೇನೇ?"

ನಮ್ಮ ಕಡೆ ಸಾವಾದ ಮನೆಯಲ್ಲಿ ದಿವಸದ ಕಾರ್ಯ ಮುಗಿಯುವ ತನಕ ಒಗ್ಗರಣೆ ಹಾಕುವುದಿಲ್ಲ. ಇದು ಮಕ್ಕಳಿಗೂ ಗೊತ್ತಿರುವ ವಿಷಯ, ಕೆಮ್ಮಿನ ಭಯದಲ್ಲಿ ಅಪ್ಪನಿಗೂ ನನಗೂ ಮರೆತೇಹೋಗಿತ್ತು. ಯಾವ ಮನೆಯಿಂದಲಾದರೂ ಒಗ್ಗರಣೆ ವಾಸನೆ ಬಾರದಿದ್ದರೆ ಓಣಿಯವರು ಯಾರು ಹೋದರು ಎಂದೇ ಕೇಳುತ್ತಿದ್ದರು. ಅವ್ವ ಅಲ್ಲಿ ಮಲಗಿ ಕಿವಿಗೊಟ್ಟಿದ್ದಾಳೆ. ಒಗ್ಗರಣೆ ಇಲ್ಲ, ಮಿಷನ್ ಇಲ್ಲ, ಮಕ್ಕಳ ಗಲಾಟೆ ಇಲ್ಲ, ನೆಂಟರು ಬರುತ್ತಿದ್ದಾರೆ, ಪಿಸುಮಾತಾಡುತ್ತಿದ್ದಾರೆ. ಇವರು ನನ್ನ ಆಸೆ ಬಿಟ್ಟರು ಎಂದು ತಿಳಿದು, ಅವಳೂ ಬಿಟ್ಟಿದ್ದಳು. ಮುಚ್ಚಿದ್ದು ಗಂಟಲಲ್ಲ.

ನಾನು ಶಾಂತಕ್ಕನ ಜಗಲಿಗೆ ಓಡಿದೆ. ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿ ಅಪ್ಪ ಸೂಜಿ ಹಿಡಿದ ಕೈಯಲ್ಲೇ ಎದ್ದು ಬಂದ. ಅತ್ತೆಗೆ ಹೇಳಿದಾಗ ಅವಳು ಒಲೆ ಊದುವುದನ್ನು ಬಿಟ್ಟು ತಿರುಗಿದಳು.

"ನಂಗೆ ಆವತ್ತೇ ಹೊಳೀತು ತಮ್ಮಾ. ಬಾಯಿ ಬಿಟ್ಟು ಅಂದ್ರೆ ಅದೇ ಅಪಶಕುನ ಆಗ್ತದೇನೋ ಅಂತ ನುಂಗಿಕೊಂಡೆ."

ಅವತ್ತು ಮಧ್ಯಾಹ್ನವೇ ಹಿಂದಿನ ಮುಂದಿನ ಬಾಗಿಲು ತೆರೆದು, ಮೆಣಸಿನಕಾಯಿ ಬಿಟ್ಟು, ಸಾಸಿವೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿದರು. ಅಜ್ಜಿ ಅವ್ವನ ಮೂಗಿಗೆ ಒದ್ದೆ ಬಟ್ಟೆ ಹಿಡಿಯಲು ಹೋದರೆ ಅವ್ವ ಅದನ್ನು ತಳ್ಳಿದಳು. ಕೆಮ್ಮು ಬಂತು, ನಾವೆಲ್ಲ ಉಸಿರು ಹಿಡಿದು ನಿಂತೆವು, ಕೆಮ್ಮು ನಿಂತಿತು. ಸದ್ದು ಕೇಳಿ ಶಾಂತಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು, ಏನು ಕೇಳಬೇಕೆಂದು ತೋಚದೆ, ಬಾಗಿಲಲ್ಲಿ ನಿಂತು ಅತ್ತಳು. ಆ ಸಂಜೆ ಅವ್ವ ಅರ್ಧ ಬಟ್ಟಲು ಗಂಜಿ ಕುಡಿದಳು. "ಇಳೀತೇನೇ?" ಎಂದು ಅತ್ತೆ ಕೇಳಿದ್ದಕ್ಕೆ ಅವ್ವನೇ ಕೈಯೆತ್ತಿ ತೋರಿಸಿದಳು.

ಮಿಷನ್ ನಮ್ಮ ಜಗಲಿಗೆ ಮರಳಿತು. ಮಕ್ಕಳು ಬಂದರು. ಅವ್ವನಿಗೆ ಎಲ್ಲ ಗೊತ್ತಿದೆ ಎಂದು ಗೊತ್ತಾದ ಮೇಲೆ ಯಾರೂ ಪಿಸುಗುಟ್ಟಬೇಕಾಗಿರಲಿಲ್ಲ. ಬಸುವನ್ನು ಯಾವಾಗ ಶಾಲೆಗೆ ಹಾಕಬೇಕು, ತನ್ನ ಸೀರೆಗಳಲ್ಲಿ ಯಾವುದು ಅತ್ತೆಗೆ, ಯಾವುದನ್ನು ಕತ್ತರಿಸಿ ನನಗೆ ಲಂಗ ಹೊಲಿಯಬೇಕು ಎಂದು ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಅಳತೆ ಪಟ್ಟಿ ಕತ್ತಿಗೆ ಹಾಕಿಕೊಂಡು ತಲೆಯಾಡಿಸುತ್ತಿದ್ದ. ನನ್ನ ಹೆದರಿಕೆ ಹೋಗಲಿಲ್ಲ. ಅವಳು ಅಷ್ಟು ಸಲೀಸಾಗಿ ಮಾತಾಡುವುದನ್ನು ಕೇಳಿ ಇನ್ನಷ್ಟು ಹೆಚ್ಚಾಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲದ ನೀರನ್ನು ನಾಲಿಗೆಗೆ ಸವರಿಸಿಕೊಂಡಳು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಒಂದು ಬೆಳಿಗ್ಗೆ, ಅಪ್ಪ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ ಹೊತ್ತಿನಲ್ಲಿ, ನಾನು ಕೊಟ್ಟ ಚಮಚೆ ಇಳಿಯಲಿಲ್ಲ. "ಇಳೀತೇನೇ?" ಎಂದು ಅತ್ತೆ ಕೇಳಿದಳು. ನಾನು ಉತ್ತರ ಕೊಡದಿದ್ದಾಗ ಎದ್ದು ಬಂದಳು.

ಮಣ್ಣು ಮಾಡಿ ಬಂದ ಮರುದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಪದ್ಧತಿಯಂತೆ ಅತ್ತೆ ಸಪ್ಪೆ ಸಾರು ಬಡಿಸಿದಳು. ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಕ್ಕಾ, ಒಗ್ಗರಣೆ ಹಾಕು."

"ದಿವಸ ಆಗೋವರೆಗೂ ಹಾಕಬಾರ್ದು ತಮ್ಮಾ. ಜನ ಏನಂದಾರು?"

"ಅವಳ ಸೂತಕ ಅವಳು ಬದುಕಿದ್ದಾಗ್ಲೇ ಮಾಡಿ ಮುಗಿಸೀವಿ. ಅದನ್ನೂ ಅವಳು ಕೇಳಿಸ್ಕಂಡು ಮಲಗಿದ್ಲು. ಎಷ್ಟು ಸಲ ಮಾಡ್ತೀರಿ?"

ಒಂದು ದಿನವೂ ಒಲೆಯ ಮುಂದೆ ಕೂತಿರದ ಅಪ್ಪ ಎದ್ದು ಅಡುಗೆಮನೆಗೆ ಹೋದ. ಸಾಸಿವೆ ಡಬ್ಬಿ ಯಾವುದೆಂದು ಗೊತ್ತಾಗದೆ ನಿಂತಿದ್ದವನಿಗೆ ನಾನು ತೋರಿಸಿದೆ. ಎಣ್ಣೆ ಹೊಗೆಯಾಡಿತು, ಸಾಸಿವೆ ಸೀದು ಕಪ್ಪಾಯಿತು. ಆ ಕಹಿ ಸಾರನ್ನು ಮೊದಲು ಕೈಯೊಡ್ಡಿ ಹಾಕಿಸಿಕೊಂಡವಳು ಅಜ್ಜಿ. ಆಮೇಲೆ ಉಳಿದವರೂ ಹಾಕಿಸಿಕೊಂಡರು.

ಈಗ ಆ ಕಾಯಿಲೆಯ ಹೆಸರನ್ನು ಮಕ್ಕಳೂ ಹೇಳುತ್ತಾರೆ, ಡಾಕ್ಟರು ರೋಗಿಯ ಎದುರೇ ಹೇಳುತ್ತಾರೆ. ಒಳ್ಳೆಯದೇ ಆಯಿತು. ಆ ಓಣಿಯ ಮನೆಗಳು ಹೋಗಿ ಅಂಗಡಿಗಳಾಗಿವೆ, ಅಲ್ಲಿ ನನ್ನನ್ನು ಗುರುತಿಸುವವರಿಲ್ಲ. ಅದಕ್ಕೂ ನನಗೆ ಅಷ್ಟು ದುಃಖವಿಲ್ಲ. ಆ ಚಳಿಗಾಲವಿಡೀ ನಾನು ಅವ್ವನ ಗಂಟಲಿಗೇ ಕಿವಿಯಿಟ್ಟು ಕೂತಿದ್ದೆ. ಅವಳು ನುಂಗುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ, ಒಡಕು ಪಿಸುಮಾತೂ ಇದೆ. ಆದರೆ ಅದಕ್ಕೂ ಮುಂಚೆ ಗೋಡೆಯಾಚೆಗೆ ಕೇಳುವಂತೆ ಕೂಗುತ್ತಿದ್ದ ಅವಳ ಒಳ್ಳೆಯ ದನಿ ನನಗೆ ನೆನಪಿಲ್ಲ. ಏನೆಂದು ಕೂಗುತ್ತಿದ್ದಳೋ ಆ ಮಾತುಗಳಷ್ಟೇ ಉಳಿದಿವೆ. ಹೇಗಿತ್ತು ಎಂದು ಕೇಳೋಣವೆಂದರೆ ಬಸು ಆಗ ತೀರಾ ಚಿಕ್ಕವನು. ಆ ದನಿಯನ್ನು ಕೇಳಿದವರು ಇನ್ನು ಯಾರೂ ಇಲ್ಲ.