ಅವಳ ಸಹಿ

ಮುಂಬಯಿ ಕಡೆಯ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸೋದರಮಾವನ ಮೆಡಿಕಲ್ ಸ್ಟೋರಿನಲ್ಲಿ ಹನ್ನೆರಡು ವರ್ಷ ಮದ್ದು ಕೊಟ್ಟವನು ನಾನು. ಓದಿದ್ದು ಊರಲ್ಲಿ ಪಿಯುಸಿ ಮಾತ್ರ. ಗೋಡೆಯ ಮೇಲಿದ್ದ ಸರ್ಟಿಫಿಕೇಟು ಒಬ್ಬ ವಯಸ್ಸಾದ ಫಾರ್ಮಸಿಸ್ಟರದು. ಅವರು ಬೆಳಿಗ್ಗೆ ಬಂದು ಪೇಪರ್ ಓದಿ, ಚಹಾ ಕುಡಿದು ಹೋಗುತ್ತಿದ್ದರು. ಗಿರಾಕಿಗಳು ನನ್ನನ್ನೇ 'ಡಾಕ್ಟರ್' ಎಂದು ಕರೆಯುತ್ತಿದ್ದರು. ನಾನು ಬೇಡ ಎನ್ನುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೊದಲ ದಶಕ ಮುಗಿಯುತ್ತಿದ್ದಾಗ ಮಾವನ ಮಗಳು ಫಾರ್ಮಸಿ ಓದಿ ಬಂದಳು. ಹಳೆಯ ಚೌಕಟ್ಟು ಇಳಿದು ಅವಳ ಹೆಸರಿನದು ಏರಿತು.

"ಇನ್ನು ಇವಳು ಹೇಳಿದ ಹಾಗೆ ಆಗ್ಬೇಕು ಮಾರಾಯ," ಎಂದರು ಮಾವ.

ನಾನು ಎತ್ತಿ ಆಡಿಸಿದ ಹುಡುಗಿ! ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ ಎಂದು ನನ್ನನ್ನೇ ಕೇಳುತ್ತಿದ್ದಳು. ಬಿಲ್ಲಿನ ಮೇಲೆ ಸಹಿ ಮಾತ್ರ ಅವಳದು. ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಎದುರು ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಮೊಣಕಾಲು ನೋವಿಗೆ ಯಾವಾಗಲೂ ನನ್ನ ಹತ್ತಿರವೇ ಮಾತ್ರೆ ಒಯ್ಯುತ್ತಿದ್ದರು. ಒಂದು ದಿನ ಅವಳು ತಡೆದಳು.

"ಸರ್, ಬೇರೆ ಯಾವ ಗೋಲಿ ಚಾಲೂ ಇದೆ?"

ಹೋದ ತಿಂಗಳು ಹೃದಯದ ಆಪರೇಷನ್ ಆದಮೇಲೆ ರಕ್ತ ತೆಳುವಾಗಲು ಮಾತ್ರೆ ನುಂಗುತ್ತಿದ್ದೇನೆ ಎಂದರು ಮೇಷ್ಟ್ರು.

"ಹಾಗಾದ್ರೆ ಇದು ಕೊಡ್ಲಿಕ್ಕಾಗಲ್ಲ. ಡಾಕ್ಟರ್ ಚೀಟಿ ಬೇಕು."

ಮೇಷ್ಟ್ರು ನನ್ನ ಮುಖ ನೋಡಿದರು. ಆ ನೋಟ ತಡೆಯಲಾಗಲಿಲ್ಲ. ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಒಂದು ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಅವರ ಮನೆಗೇ ಕೊಟ್ಟುಬಂದೆ.

"ಅವಳಿಗೆಂತ ಗೊತ್ತು ಮೇಷ್ಟ್ರೇ, ನಿನ್ನೆ ಪಾಸಾದವಳು," ಎಂದೆ.

ಐದನೆಯ ದಿನ ಮೇಷ್ಟ್ರು ರಕ್ತ ವಾಂತಿ ಮಾಡಿಕೊಂಡು ಥಾಣೆಯ ದೊಡ್ಡ ಆಸ್ಪತ್ರೆ ಸೇರಿದರು. ಆ ಎರಡು ಮಾತ್ರೆ ಕೂಡಿ ಹೊಟ್ಟೆಯೊಳಗೆ ರಕ್ತ ಒಸರಿದೆ ಎಂದರಂತೆ ಅಲ್ಲಿಯ ಡಾಕ್ಟರು. ಪುಣ್ಯಕ್ಕೆ ಬದುಕಿದರು. ಅವರ ಮಗ ಖಾಲಿ ಸ್ಟ್ರಿಪ್ ಹಿಡಿದು ಅಂಗಡಿಗೆ ಬಂದು, ಗೋಡೆಯ ಮೇಲಿನ ಹೆಸರು ಓದಿ, ಇದು ಯಾರು ಎಂದು ಹಿಂದಿಯಲ್ಲಿ ಕೂಗಿದ: "ಯೇ ಕೌನ್ ಹೈ?"

ತಪ್ಪು ಅವಳ ತಲೆಗೆ ಬರುತ್ತಿತ್ತು. ಒಂದು ಕ್ಷಣ, ಬರಲಿ ಅನ್ನಿಸಿತು ನನಗೆ.

"ಮೈ ಹೂಂ," ಎಂದಳು ಅವಳು. ನನ್ನ ಕಡೆ ನೋಡಲೂ ಇಲ್ಲ. "ದುಕಾನ್ ಸೇ ಗಯಾ ಹೈ ತೋ ಜಿಮ್ಮೇದಾರಿ ಮೇರಿ." ಅಂಗಡಿಯಿಂದ ಹೋದದ್ದಕ್ಕೆಲ್ಲ ಹೊಣೆ ತನ್ನದಂತೆ!

ಸಹಿ ಎಂದರೆ ಇದು ಎಂದು ನನಗೆ ತಿಳಿದದ್ದು ಆಗಲೇ. "ಕೊಟ್ಟದ್ದು ನಾನು," ಎಂದೆ.

ಮಾವ ನನ್ನನ್ನು ಕೌಂಟರಿನಿಂದ ತೆಗೆದು ಸ್ಟಾಕ್ ತರುವ ಕೆಲಸಕ್ಕೆ ಹಾಕಿದರು. ಅವಳು ಹೇಳಿದ್ದು ಇಷ್ಟೇ: "ಭಾವ, ಯಾಕೆ ಬೇಡ ಅಂತ ನನ್ನನ್ನು ಒಂದು ಮಾತು ಕೇಳ್ಬಹುದಿತ್ತು."

ತಿಂಗಳಾದ ಮೇಲೆ ಮೇಷ್ಟ್ರು ಕೋಲೂರಿಕೊಂಡು ಬಂದು, ಡಾಕ್ಟರ ಚೀಟಿಯನ್ನು ನೇರ ಅವಳ ಕೈಗಿಟ್ಟರು. ಮದ್ದಿನ ಪೆಟ್ಟಿಗೆ ಹೊತ್ತು ಒಳಗೆ ಬರುತ್ತಿದ್ದ ನನಗೆ ಆಗಲೂ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ.